ಅತಿಥಿ ಭಾಷಣ ಯಾರ ಕಿವಿಗೆ?



ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಪೇಟೆಯ ಸೇವಾ ಸಂಸ್ಥೆಯೊಂದರ ವಾರದ ಸಭೆಗೆ ನನಗೂ ಕರೆ ಬಂದಿತ್ತು. ರಾತ್ರಿ ಏಳೂವರೆಗೆ ಸರಿಯಾಗಿ ಅಧ್ಯಕ್ಷರು ಕೊರಳಿಗೆ ಪದಕದ ಮಾಲೆ ಧರಿಸಿ ಗಂಟೆ ಬಾರಿಸಿದರು. ಪ್ರಾರ್ಥನೆ, ಕಾರ್ಯದರ್ಶಿಗಳ ಪ್ರಕಟಣೆ, ಆ ವಾರ ಹುಟ್ಟುಹಬ್ಬವಿದ್ದವರಿಗೆ ಶುಭಾಶಯ, ಆಮೇಲೆ ಅತಿಥಿಗಳ ಪರಿಚಯ. ಅಂದಿನ ಅತಿಥಿ ನಿವೃತ್ತ ಸಸ್ಯರೋಗ ತಜ್ಞರು. ವಿಷಯ, ಅಡಿಕೆಯ ಕೊಳೆರೋಗ ಮತ್ತು ಬೋರ್ಡೋ ದ್ರಾವಣ.

ಅವರು ಇಪ್ಪತ್ತೇ ನಿಮಿಷ ಮಾತನಾಡಿದರು. ಒಂದು ಮಾತೂ ಪೊಳ್ಳಾಗಿರಲಿಲ್ಲ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರು ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕೆ ಹೊಯ್ಯಬಾರದು. ಕಬ್ಬಿಣದ ಪಾತ್ರೆ ಕೂಡದು. ತೊಳೆದ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಕಲಸಿದ ದ್ರಾವಣವನ್ನು ಅದೇ ದಿನ ಹೊಡೆದು ಮುಗಿಸಬೇಕು. ನಾನು ಇದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡೆ.

ಸಭೆಯಲ್ಲಿ ನಲವತ್ತು ಜನರಿದ್ದೆವು. ವೈದ್ಯರು, ವಕೀಲರು, ಬಟ್ಟೆ ವರ್ತಕರು, ಬ್ಯಾಂಕಿನ ಮ್ಯಾನೇಜರು, ಐದಾರು ಮಂದಿ ದೊಡ್ಡ ಪ್ಲಾಂಟರುಗಳು. ಪ್ರಶ್ನೆ ಕೇಳಿ ಎಂದಾಗ ಬಂದ ಪ್ರಶ್ನೆ ಒಂದೇ: "ಈ ವರ್ಷ ಅಡಿಕೆ ಧಾರಣೆ ಏರುತ್ತದೆಯೇ?" ಅತಿಥಿಗಳು ನಕ್ಕರು. ಸ್ಮರಣಿಕೆ, ವಂದನಾರ್ಪಣೆ, ರಾಷ್ಟ್ರಗೀತೆ, ಊಟ. ಒಳ್ಳೆಯ ಸಭೆ ಎಂದುಕೊಂಡು ಮನೆಗೆ ಬಂದೆ. ಪುಸ್ತಕ ಮೇಜಿನ ಖಾನೆ ಸೇರಿತು.

ಆಗಸ್ಟ್ ತಿಂಗಳಲ್ಲಿ ನಮ್ಮ ಸಂಘದ ಸದಸ್ಯರೊಬ್ಬರು ಸಾಲದ ಗಡುವು ವಿಸ್ತರಿಸಿಕೊಡಬೇಕೆಂದು ಕೇಳಲು ಕಛೇರಿಗೆ ಬಂದರು. ಒಂದೂವರೆ ಎಕರೆ ಅಡಿಕೆ, ಅಂಚಿನಲ್ಲಿ ಸ್ವಲ್ಪ ಕಾಫಿ ಇರುವವರು. ಕೈಚೀಲದಿಂದ ನಾಲ್ಕು ಉದುರುಕಾಯಿ ತೆಗೆದು ಮೇಜಿನ ಮೇಲಿಟ್ಟರು. ಹಸಿರು ಕಾಯಿ, ಮೇಲೆಲ್ಲ ಬಿಳಿ ಬೂಷ್ಟು.

"ಔಷಧಿ ಹೊಡೆಸಿರಲಿಲ್ಲವೇ?" ಎಂದೆ.

"ಹೊಡೆಸಿದ್ದೆ ಸೆಕ್ರೆಟರಿಗಳೇ. ಕಲಸಿಟ್ಟ ದಿನವೇ ಮಳೆ ಹಿಡಿಯಿತು. ಕೊನೆಗಾರ ನಾಲ್ಕನೇ ದಿನ ಬಂದ. ತುತ್ತದ ಬೆಲೆ ನಿಮಗೇ ಗೊತ್ತಲ್ಲ, ಚೆಲ್ಲುವುದು ಹೇಗೆ? ಅದನ್ನೇ ಹೊಡೆಸಿದೆ."

"ಕಲಸಿದ ದಿನವೇ ಮುಗಿಸಬೇಕಲ್ಲ?"

"ಹಾಗೆಂದು ನಮಗೆ ಹೇಳಿದವರು ಯಾರು?"

ನನ್ನ ಬಳಿ ಉತ್ತರವಿರಲಿಲ್ಲ. ಆ ಮಾತು ಇದ್ದ ಪುಸ್ತಕ ನನ್ನ ಮೊಣಕೈ ಕೆಳಗಿನ ಖಾನೆಯಲ್ಲೇ ಇತ್ತು. ಅವರ ನಷ್ಟಕ್ಕೆಲ್ಲ ಹಳಸಿದ ದ್ರಾವಣವೊಂದೇ ಕಾರಣವೆಂದು ನಾನು ಹೇಳಲಾರೆ. ಮಳೆಯೂ ಎಡೆಬಿಡದೆ ಹೊಯ್ದಿತ್ತು. ಆದರೆ ತಡೆಯಬಹುದಾಗಿದ್ದ ಅಷ್ಟು ಭಾಗದ ನಷ್ಟಕ್ಕೆ ಸಂಘದ ಕಾರ್ಯದರ್ಶಿಯಾದ ನಾನೂ ಹೊಣೆ. ತಪ್ಪು ಆ ಸೇವಾ ಸಂಸ್ಥೆಯದಲ್ಲ. ಅವರು ತಜ್ಞರನ್ನು ಕರೆಸಿದರು, ನನ್ನನ್ನೂ ಕರೆದರು. ಕೇಳಿದ್ದನ್ನು ಮುಟ್ಟಿಸದೇ ಹೋದವನು ನಾನು.

ಪೇಟೆಯ ಕ್ಲಬ್ಬುಗಳನ್ನು ಊಟದ ಕೂಟಗಳೆಂದು ಹಳಿಯುವುದು ನಮ್ಮಲ್ಲಿ ರೂಢಿ. ಅದು ಸರಿಯಲ್ಲ. ಇಂಥ ಸಂಸ್ಥೆಗಳಿಗೆ ಹಿರಿಯಣ್ಣನಂತಿರುವ ರೋಟರಿಯ ಮೂಲವನ್ನು ನೋಡಿ. 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಸೇರಿ ಅದನ್ನು ಆರಂಭಿಸಿದರು. ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರು, ಒಬ್ಬರು ದರ್ಜಿ ವೃತ್ತಿಯವರು. ಸರದಿಯಂತೆ ಒಬ್ಬೊಬ್ಬರ ಕಛೇರಿಯಲ್ಲಿ ಕೂಡುತ್ತಿದ್ದುದರಿಂದಲೇ ಅದಕ್ಕೆ ರೋಟರಿ ಎಂಬ ಹೆಸರು ಬಂತು. ಅಂದರೆ ಅದು ಕಸುಬುದಾರರು ಒಬ್ಬರ ಕಸುಬಿನ ಜಾಗಕ್ಕೆ ಇನ್ನೊಬ್ಬರು ಹೋಗಿ ಕುಳಿತ ಸಭೆ. ವೇದಿಕೆ, ಹಾರಗಳೆಲ್ಲ ಆಮೇಲೆ ಬಂದವು. ಪಟ್ಟು ಹಿಡಿದರೆ ಇಂಥ ಸಭೆಗಳಿಂದ ಏನಾದೀತು ಎಂಬುದಕ್ಕೂ ಉದಾಹರಣೆಯಿದೆ. ರೋಟರಿ 1985ರಲ್ಲಿ ಪೋಲಿಯೋ ವಿರುದ್ಧ ಕೈಗೊಂಡ ಕೆಲಸವನ್ನು ಸರ್ಕಾರಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ ಮುಂದುವರಿಸಿದವು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಣೆಯಾಯಿತು.

ಅದೇ 1905ನೇ ಇಸವಿಯಲ್ಲೇ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಪ್ರಾಯದಲ್ಲಿ ಎರಡೂ ಸಮಾನ. ಅವರು ಸಭೆ ಸೇರುವುದನ್ನು ಕಲಿತರು, ನಾವು ಸಾಲ ಕೊಡುವುದನ್ನು ಕಲಿತೆವು. ಆದರೆ ಸಹಕಾರವೆಂದರೆ ಸಾಲ, ಗೊಬ್ಬರ, ತೂಕ ಇಷ್ಟೇ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ಸಂಘ ಕಟ್ಟಿದ ನೇಕಾರರು ಮುಂದೆ ತಮ್ಮ ಲಾಭದಲ್ಲಿ ನೂರಕ್ಕೆ ಎರಡೂವರೆ ಭಾಗವನ್ನು ಸದಸ್ಯರ ಶಿಕ್ಷಣಕ್ಕೆಂದು ತೆಗೆದಿಟ್ಟರು. ಸದಸ್ಯರಿಗೆ ತಿಳಿವಳಿಕೆ ನೀಡುವುದು ಇಂದಿಗೂ ಸಹಕಾರದ ಏಳು ತತ್ತ್ವಗಳಲ್ಲಿ ಒಂದು. ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚು ಓದಿ, ಡಿವಿಡೆಂಡು ಘೋಷಿಸಿ, ಊಟಕ್ಕೆ ಏಳುವಷ್ಟರಲ್ಲಿ ಈ ತತ್ತ್ವಕ್ಕೆ ಸಮಯವೇ ಉಳಿದಿರುವುದಿಲ್ಲ.

ಮಲೆನಾಡಿನ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಬಂದದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ಸುಮಾರಿಗೆ. ತಂದವರು ಕೆನಡಾದಿಂದ ಬಂದಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು. ನೂರು ವರ್ಷ ದಾಟಿತು. ಇಂದಿಗೂ ಅದನ್ನು ಕಲಸುವ ಕ್ರಮ ಅರಿಯದೆ ಒಬ್ಬ ಬೆಳೆಗಾರ ಫಸಲು ಕಳೆದುಕೊಳ್ಳುತ್ತಾನೆಂದರೆ ವಿಜ್ಞಾನದ ಕೊರತೆ ಎಲ್ಲಿದೆ? ಇರುವುದು ಪೇಟೆಯ ಸಭಾಂಗಣದಿಂದ ಹಳ್ಳಿಯ ಕಣದವರೆಗಿನ ದಾರಿಯ ಕೊರತೆ.

"ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದಲ್ಲ" ಎಂದು ಕಿರಿಯರು ಹೇಳುತ್ತಾರೆ. ಸಿಗುತ್ತದೆ, ಸರಿಯಾದದ್ದೂ ತಪ್ಪಾದದ್ದೂ ಒಟ್ಟಿಗೇ ಸಿಗುತ್ತದೆ. ನಮ್ಮ ಹಂಡೆಯಲ್ಲಿರುವ ದ್ರಾವಣಕ್ಕೆ ಸುಣ್ಣ ಸಾಲದೆಂದು ಫೋನು ನೋಡಿ ಹೇಳಲಾರದು. ಅಲ್ಲದೆ, ಗೊತ್ತಿಲ್ಲವೆಂದು ಬಾಯಿಬಿಟ್ಟು ಹೇಳಲು ನಮ್ಮವರೆನ್ನಿಸುವ ಹತ್ತು ಜನ ಎದುರಿಗಿರಬೇಕು. ರಾತ್ರಿ ಏಳೂವರೆಗೆ ಪೇಟೆಯಲ್ಲಿ ನಡೆಯುವ ಸಭೆಗೆ, ಸಂಜೆಯ ಕೊನೇ ಬಸ್ಸಿಗೆ ಮನೆ ಸೇರಬೇಕಾದವರು ಬರುವಂತಿಲ್ಲ. ತೋಟದ ಅರ್ಧಕ್ಕಿಂತ ಹೆಚ್ಚು ಕೆಲಸ ಹೊತ್ತಿರುವ ನಮ್ಮ ಹೆಣ್ಣುಮಕ್ಕಳಂತೂ ಬರುವಂತೆಯೇ ಇಲ್ಲ. ರೋಟರಿಯವರೇ 1989ರಲ್ಲಿ ತಮ್ಮ ನಿಯಮ ತಿದ್ದಿ ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆದರು. ನಾವು ಇನ್ನೂ ಗಂಡಸರ ಸಹಿ ಇರುವ ಹಾಜರಿ ಪುಸ್ತಕವನ್ನೇ ನೋಡುತ್ತಿದ್ದೇವೆ.

ಆದ್ದರಿಂದ ನನ್ನ ಸಲಹೆ ಇಷ್ಟು. ತಿಂಗಳಿಗೊಮ್ಮೆ, ಸಂತೆಯ ದಿನ ಮಧ್ಯಾಹ್ನ, ಸಂಘದ ಗೋದಾಮಿನ ಜಗಲಿಯಲ್ಲೇ ಒಂದು ಸಭೆ ನಡೆಯಲಿ. ವಿಷಯವನ್ನು ಅತಿಥಿಗಳ ಅನುಕೂಲ ನೋಡಿ ಆರಿಸುವುದು ಬೇಡ, ತೋಟದ ಕೆಲಸದ ಕಾಲ ನೋಡಿ ಆರಿಸೋಣ. ಏಪ್ರಿಲ್-ಮೇ ತಿಂಗಳಲ್ಲಿ ಬಿಳಿ ಕಾಂಡಕೊರಕದ ದುಂಬಿ ಹೊರಬೀಳುತ್ತದೆ. ಅದಕ್ಕೆ ಮುಂಚೆ, ಮಾರ್ಚ್ ತಿಂಗಳಲ್ಲೇ, ಹುಳು ಹಿಡಿದ ಅರೇಬಿಕಾ ಗಿಡವನ್ನು ಗುರುತಿಸಿ ಕಿತ್ತು ಸುಡುವುದನ್ನು ತೋರಿಸಬೇಕು. ಮೇ ತಿಂಗಳಲ್ಲಿ ಬೋರ್ಡೋ ದ್ರಾವಣವನ್ನು ಅಲ್ಲೇ ಕಲಸಿ ತೋರಿಸಬೇಕು. ಮತ್ತೆ ಅಕ್ಟೋಬರಿನಲ್ಲಿ ದುಂಬಿಯ ಎರಡನೇ ಸುತ್ತು ಶುರುವಾಗುವ ಮುಂಚೆ ಇನ್ನೊಮ್ಮೆ ಗಿಡ ನೋಡಬೇಕು.

ಕ್ಲಬ್ಬಿನಿಂದ ನಾವು ಕಲಿಯಬೇಕಾದದ್ದು ಹೊತ್ತಿನ ಶಿಸ್ತು. ಭಾಷಣ ಇಪ್ಪತ್ತು ನಿಮಿಷ ಮೀರಬಾರದು. ಬಿಡಬೇಕಾದದ್ದು ಹಾರ, ಶಾಲು, ಸ್ಮರಣಿಕೆ. ಅತಿಥಿಗಳಿಗೆ ದಾರಿ ಖರ್ಚು ಕೊಟ್ಟು ಒಂದು ಊಟ ಹಾಕೋಣ. ಉಳಿದ ಒಂದು ಗಂಟೆ ಪ್ರಶ್ನೆಗೆ ಮೀಸಲು. ತಜ್ಞರ ಪಕ್ಕದಲ್ಲಿ ನಮ್ಮ ಕೊನೆಗಾರರನ್ನೂ ಕೂರಿಸೋಣ. ಮರದ ತುದಿಯಲ್ಲಿ ಗೊನೆ ನೆನೆಯಿತೋ ಇಲ್ಲವೋ ಎಂಬುದು ಅವರಿಗೆ ಗೊತ್ತು. ಹೇಳಿದ್ದೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ತೂಕದ ಯಂತ್ರದ ಬಳಿ ಅಂಟಿಸುವ ಹೊಣೆ ನನ್ನದು. ಮುಂದಿನ ಸಭೆ ಆರಂಭವಾಗುವುದು ಪ್ರಾರ್ಥನೆಯಿಂದಲ್ಲ, "ಹೋದ ತಿಂಗಳು ಕೇಳಿದ್ದನ್ನು ಯಾರು ಯಾರು ಮಾಡಿದಿರಿ, ಏನಾಯಿತು?" ಎಂಬ ಪ್ರಶ್ನೆಯಿಂದ.

ಈ ಸಲಹೆಯನ್ನು ಬರುವ ಆಡಳಿತ ಮಂಡಳಿ ಸಭೆಯ ಮುಂದೆ ಇಡುತ್ತಿದ್ದೇನೆ. ತಮ್ಮ ಅಭಿಪ್ರಾಯಗಳನ್ನು, ವಿರೋಧವಿದ್ದರೆ ಅದನ್ನೂ, ಕಛೇರಿಗೆ ತಿಳಿಸಬೇಕಾಗಿ ಕೋರುತ್ತೇನೆ. ಪೇಟೆಯ ಆ ಸೇವಾ ಸಂಸ್ಥೆಯವರಿಗೂ ಪತ್ರ ಬರೆದಿದ್ದೇನೆ. ಇನ್ನು ಮುಂದೆ ಕೃಷಿ ತಜ್ಞರನ್ನು ಕರೆಸಿದಾಗ ಅದೇ ದಿನ ಮಧ್ಯಾಹ್ನ ಅವರನ್ನು ನಮ್ಮ ಜಗಲಿಗೂ ಕಳುಹಿಸಿಕೊಡಿ ಎಂದು. ಆ ಸದಸ್ಯರು ಮೇಜಿನ ಮೇಲಿಟ್ಟು ಹೋದ ನಾಲ್ಕು ಕಾಯಿ ಒಣಗಿ ನನ್ನ ಖಾನೆಯಲ್ಲಿ, ಆ ಪುಸ್ತಕದ ಪಕ್ಕದಲ್ಲೇ ಇವೆ.

— ಕಾರ್ಯದರ್ಶಿ