ಎಣ್ಣೆ ರೇಟು ಮತ್ತು ಪೈಲಟ್ಟಿನ ನಂಬರು

ಸಾರ್ಟ್ ಆಗಿರೋ ಎರಡು ಪಟ್ಟಿಗಳನ್ನು ಸೇರಿಸಿ ಒಂದು ಪಟ್ಟಿ ಮಾಡೋದು ಎಂಜಿನಿಯರಿಂಗ್ ಎರಡನೇ ವರ್ಷದ ಲ್ಯಾಬಿನಲ್ಲಿ ಕೊಡೋ ಪ್ರೋಗ್ರಾಮು. ಇಪ್ಪತ್ತು ಸಾಲು ಬರೆದರೆ ಮುಗೀತು. ಇದೇ ಕೆಲಸಕ್ಕೆ ಅಮೆರಿಕದ ಯುಎಸ್ ಏರ್‌ವೇಸ್ ಅನ್ನೋ ಕಂಪನಿಯ ಪೈಲಟ್ಟುಗಳು ತಗೊಂಡಿದ್ದು ಹನ್ನೊಂದು ವರ್ಷ, 2005ರಿಂದ 2016ರವರೆಗೆ! ಮಧ್ಯದಲ್ಲಿ ಕೋರ್ಟು, ಜ್ಯೂರಿ, ಅಪೀಲು, ಇದ್ದ ಯೂನಿಯನ್ನನ್ನೇ ಮನೆಗೆ ಕಳಿಸಿ ಹೊಸದು ಕಟ್ಟಿದ್ದು, ಎಲ್ಲಾ ಆಯಿತು.

ವಿಮಾನ ಕಂಪನಿಗಳು ಒಂದಾದಾಗಲೆಲ್ಲ ಪೈಲಟ್ಟುಗಳ ಜಗಳದ ಸುದ್ದಿ ಬರುತ್ತೆ. ಆಗೆಲ್ಲ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೇಳೋ ಮಾತು ಒಂದೇ: "ಲಕ್ಷಗಟ್ಟಲೆ ಸಂಬಳ ಎಣಿಸೋರಿಗೆ ಇನ್ನೇನು ಬೇಕಂತೆ? ಎಣ್ಣೆ ರೇಟು ಏರಿ ಕಂಪನಿ ಮುಳುಗ್ತಾ ಇದೆ, ಇವರು ನಾನು ಮುಂದೆ ನೀನು ಮುಂದೆ ಅಂತ ಕೂತಿದಾರೆ." ಈ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೀತೀನಿ, ಕಾಫಿ ಇಟ್ಕೊಂಡು ಓದಿ.

ನಮ್ಮ ಕಥೆ ನೋಡಿ. ನಾನು ಮೊದಲು ಕೆಲಸ ಮಾಡ್ತಿದ್ದ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಾಗ ನಮ್ಮಲ್ಲಿ 'ಸೀನಿಯರ್' ಆಗಿದ್ದವರೆಲ್ಲ ಅವರ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗೆ ಬಂದರು. ಒಂದು ವಾರ ಗೊಣಗಾಟ. ಆಮೇಲೆ ಅರ್ಧ ಜನ ರೆಸ್ಯೂಮೆ ಒರೆಸಿ ಬೇರೆ ಕಡೆ ಹೋದರು, ಹೋದ ಕಡೆ ಮತ್ತೆ ಸೀನಿಯರ್ ಆದರು, ಸಂಬಳವೂ ಏರಿತು. ನಮಗೆ ಮೆಟ್ಟಿಲು ಅನ್ನೋದು ನಾವು ಹೋದ ಕಡೆಯೆಲ್ಲ ಹೊತ್ತುಕೊಂಡು ಹೋಗೋ ಸಾಮಾನು.

ಅಮೆರಿಕದ ದೊಡ್ಡ ಕಂಪನಿಗಳ ಪೈಲಟ್ಟಿಗೆ ಅದು ಸಾಧ್ಯವಿಲ್ಲ. ಸೇರಿದ ದಿನ ಒಂದು ನಂಬರು ಸಿಗುತ್ತೆ. ಯಾವ ವಿಮಾನ ಹಾರಿಸ್ತಾನೆ, ಎಡಗಡೆ ಕ್ಯಾಪ್ಟನ್ ಸೀಟೋ ಬಲಗಡೆ ಫಸ್ಟ್ ಆಫೀಸರ್ ಸೀಟೋ, ಯಾವ ಊರಿನಿಂದ ಹೊರಡ್ತಾನೆ, ಕ್ರಿಸ್‌ಮಸ್ ಹೊತ್ತಿಗೆ ಮನೇಲಿರ್ತಾನೋ ಯಾವುದೋ ಹೋಟೆಲಿನಲ್ಲೋ, ಎಲ್ಲವೂ ಆ ನಂಬರಿನ ಮೇಲೆ. ಮುಂದಿನವರು ಆರಿಸಿಕೊಂಡು ಉಳಿದದ್ದು ಹಿಂದಿನವರಿಗೆ. ಕೆಲಸದಿಂದ ತೆಗೆಯೋದಾದರೆ ಕೊನೆಯಲ್ಲಿ ಬಂದವನು ಮೊದಲು ಹೊರಗೆ. ಇಪ್ಪತ್ತು ವರ್ಷ ಹಾರಿಸಿದ ಕ್ಯಾಪ್ಟನ್ ಕಂಪನಿ ಬಿಟ್ಟು ಪಕ್ಕದ ಕಂಪನಿ ಸೇರಿದರೆ? ಅಲ್ಲಿ ಅವನೇ ಪಟ್ಟಿಯ ಕೊನೆಯವನು. ನಿನ್ನೆ ಸೇರಿದ ಹುಡುಗನ ಹಿಂದೆ, ಬಲಗಡೆ ಸೀಟಿನಲ್ಲಿ. ಹಾಗಾಗಿ ಆ ನಂಬರು ಬರೀ ಪ್ರತಿಷ್ಠೆಯಲ್ಲ, ಅವನ ಮುಂದಿನ ಮೂವತ್ತು ವರ್ಷದ ಬದುಕು. ಎರಡು ಕಂಪನಿ ಒಂದಾದಾಗ ಎರಡು ಪಟ್ಟಿಯನ್ನು ಹೆಣೆಯಬೇಕು. ಒಬ್ಬ ಹತ್ತು ಸ್ಥಾನ ಮೇಲೆ ಹೋದ ಅಂದರೆ ಇನ್ಯಾರೋ ಕೆಳಗಿಳಿದರು ಅಂತಲೇ ಅರ್ಥ. ಇದು ದಾಯಾದಿಗಳ ಜಮೀನಿನ ಹಾಗೆ, ಅಳೆದಷ್ಟೂ ಹೆಚ್ಚಾಗೋದಿಲ್ಲ.

ಸರಿ, ಸೇರಿದ ತಾರೀಖು ನೋಡಿ ಹೆಣೆದರೆ ಆಯ್ತಲ್ಲ ಅಂತೀರಾ? ಲ್ಯಾಬ್ ಪ್ರೋಗ್ರಾಮಿನಲ್ಲಿ ಅದೇ ಮಾಡ್ತೀವಿ. ಆದರೆ ಇಲ್ಲಿ ಯಾವುದನ್ನು ನೋಡಿ ಹೋಲಿಸಬೇಕು ಅನ್ನೋದೇ ಜಗಳ.

2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಒಂದಾದವು. ಯುಎಸ್ ಏರ್‌ವೇಸ್ ದೊಡ್ಡದು, ಹಳೇದು, ಪೂರ್ವ ಕರಾವಳಿಯದ್ದು. ಆದರೆ 2002ರಲ್ಲೊಮ್ಮೆ 2004ರಲ್ಲೊಮ್ಮೆ ದಿವಾಳಿ ಅರ್ಜಿ ಹಾಕಿ ಸುಸ್ತಾಗಿತ್ತು. ಅಮೆರಿಕ ವೆಸ್ಟ್ ಅರಿಜೋನದ್ದು, ಚಿಕ್ಕದು, ಬೆಳೀತಾ ಇತ್ತು. ಪೂರ್ವದವರಲ್ಲಿ ಹದಿನಾರು ಹದಿನೇಳು ವರ್ಷದ ಹಿಂದೆ ಸೇರಿದವರೂ ಕೆಲಸವಿಲ್ಲದೆ ಮನೇಲಿದ್ದರು, ಮತ್ತೆ ಕರೆಯೋದನ್ನೇ ಕಾಯ್ತಾ. ಪಶ್ಚಿಮದಲ್ಲಿ ಅಷ್ಟೇ ಹಳಬರು ಆಗಲೇ ಕ್ಯಾಪ್ಟನ್ ಆಗಿದ್ದರು. ಪೂರ್ವದವರು ಅಂದರು, ಸೇರಿದ ತಾರೀಖೇ ಪ್ರಮಾಣ. ಪಶ್ಚಿಮದವರು ಅಂದರು, ನಾವು ಬರದಿದ್ದರೆ ನಿಮ್ಮ ಕಂಪನಿಯೇ ಇರ್ತಿರಲಿಲ್ಲ, ಮನೇಲಿ ಕೂತವನು ಹಾರಿಸ್ತಾ ಇರೋನ ಮುಂದೆ ಬರೋದು ಯಾವ ನ್ಯಾಯ?

ನಿಜ ಹೇಳಬೇಕು ಅಂದರೆ ಇಬ್ಬರ ಮಾತೂ ಸರಿ. ಇದನ್ನೇ ಕ್ಯಾಂಟೀನಿನವರಿಗೆ ಅರ್ಥ ಮಾಡಿಸೋದು ಕಷ್ಟ.

ಜಾರ್ಜ್ ನಿಕೊಲಾವ್ ಅನ್ನೋ ಮಧ್ಯಸ್ಥಗಾರ 2007ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟ. ಪೂರ್ವದ ಮೇಲಿನ 517 ಜನ ಪಟ್ಟಿಯ ತುದಿಯಲ್ಲಿ, ಯಾಕಂದ್ರೆ ಅವರ ಹಾಗೆ ದೊಡ್ಡ ವಿಮಾನದಲ್ಲಿ ಸಮುದ್ರ ದಾಟೋರು ಪಶ್ಚಿಮದಲ್ಲಿ ಇರಲಿಲ್ಲ. ಮಧ್ಯದವರು ಅನುಪಾತದ ಪ್ರಕಾರ ಹೆಣೆದು. ಮನೇಲಿ ಕೂತಿದ್ದ ಪೂರ್ವದವರೆಲ್ಲ ತಳಕ್ಕೆ. ಅಂದರೆ ಹದಿನೇಳು ವರ್ಷ ಹಳಬ ಈಚೆಗಷ್ಟೇ ಸೇರಿದ ಪಶ್ಚಿಮದ ಹುಡುಗನ ಕೆಳಗೆ! ಪೂರ್ವದವರು ಕೆಂಡವಾದರು. ಎರಡೂ ಗುಂಪಿಗೆ ಒಂದೇ ಯೂನಿಯನ್ ಇತ್ತು. ಸಂಖ್ಯೆಯಲ್ಲಿ ಹೆಚ್ಚಿದ್ದ ಪೂರ್ವದವರು ಆ ಯೂನಿಯನ್ನನ್ನೇ 2008ರ ಏಪ್ರಿಲಿನಲ್ಲಿ ವೋಟು ಹಾಕಿ ಓಡಿಸಿ ತಮ್ಮದೇ ಹೊಸದನ್ನು ತಂದರು. ಪಶ್ಚಿಮದವರು ಕೋರ್ಟಿಗೆ ಹೋಗಿ 2009ರಲ್ಲಿ ಜ್ಯೂರಿ ಮುಂದೆ ಗೆದ್ದರು. 2010ರಲ್ಲಿ ಮೇಲಿನ ಕೋರ್ಟು, ಇನ್ನೂ ಹೊಸ ವೇತನ ಒಪ್ಪಂದವೇ ಆಗಿಲ್ಲ, ಈಗಲೇ ಯಾಕೆ ಬಂದಿರಿ ಅಂತ ವಾಪಸ್ ಕಳಿಸಿತು.

ನನಗೆ ಅತಿ ವಿಚಿತ್ರ ಅನ್ನಿಸಿದ್ದು ಇಲ್ಲಿ. ಒಪ್ಪಂದ ಆದರೆ ನಿಕೊಲಾವ್ ಪಟ್ಟಿ ಜಾರಿಗೆ ಬರಬಹುದು ಅಂತ ಪೂರ್ವದವರು ವರ್ಷಗಟ್ಟಲೆ ದಿವಾಳಿ ಕಾಲದ ಸಂಬಳದಲ್ಲೇ ಹಾರಿಸಿದರು. ಪಶ್ಚಿಮದವರಿಗಿಂತ ಕಡಿಮೆ ಸಂಬಳ, ಅದೇ ಬಣ್ಣದ ವಿಮಾನ! ಪೂರ್ವದಲ್ಲಿ ವಯಸ್ಸಾದವರು ಜಾಸ್ತಿ. ಅವರು ನಿವೃತ್ತರಾದಾಗ ಖಾಲಿಯಾಗೋ ಸೀಟು ತಮಗೇ ಉಳೀಲಿ ಅನ್ನೋ ಲೆಕ್ಕ. ಮೂರ್ಖತನ ಅನ್ನಿ, ಹಟ ಅನ್ನಿ. ಆದರೆ ದುಡ್ಡಿನ ಆಸೆ ಅಂತ ಮಾತ್ರ ಅನ್ನೋಕಾಗಲ್ಲ, ದುಡ್ಡು ಕೈಯಾರೆ ಬಿಟ್ಟೋರು ಅವರು. 2013ರ ಕೊನೆಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಮತ್ತೊಂದು ವಿಲೀನವಾಗಿ, 2016ರಲ್ಲಿ ಪೂರ್ವ, ಪಶ್ಚಿಮ, ಅಮೆರಿಕನ್ ಮೂರನ್ನೂ ಸೇರಿಸಿ ಪಟ್ಟಿ ಬಂತು. ಅಷ್ಟರಲ್ಲಿ ಜಗಳ ಶುರು ಮಾಡಿದ ಎಷ್ಟೋ ಜನ ನಿವೃತ್ತರಾಗಿದ್ದರು.

*

ಈಗ ಎಣ್ಣೆಗೆ ಬರೋಣ.

2008ರ ಶುರುವಿನಲ್ಲಿ ಕಚ್ಚಾತೈಲ ಬ್ಯಾರೆಲ್ಲಿಗೆ 100 ಡಾಲರ್ ದಾಟಿತು, ಜುಲೈನಲ್ಲಿ 147 ಮುಟ್ಟಿತು. ಅಲೋಹ, ಎಟಿಎ, ಸ್ಕೈಬಸ್, ಮೂರು ಕಂಪನಿಗಳು ಒಂದೇ ವಾರದ ಆಸುಪಾಸಿನಲ್ಲಿ ಬಾಗಿಲು ಹಾಕಿದವು. ಆ ಗಾಬರಿಯಲ್ಲೇ ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಒಂದಾಗೋ ಮಾತು ನಡೀತಿತ್ತು. ಪಟ್ಟಿ ಹೆಣೆಯೋ ವಿಷಯದಲ್ಲಿ ಎರಡೂ ಕಡೆ ಪೈಲಟ್ಟುಗಳು ಒಪ್ಪದೆ ಮಾತುಕತೆ ಮುರಿದುಬಿತ್ತು. ಕೊನೆಗೆ ಪಟ್ಟಿ ಇಲ್ಲದೆಯೇ ಏಪ್ರಿಲ್ 14ಕ್ಕೆ ವಿಲೀನ ಘೋಷಣೆ. ಎಲ್ಲರೂ ಇನ್ನೊಂದು ಯುಎಸ್ ಏರ್‌ವೇಸ್ ಆಗುತ್ತೆ ಅಂದುಕೊಂಡರು. ಆಗಲಿಲ್ಲ. ಮೊದಲು ಇಬ್ಬರಿಗೂ ಸೇರಿ ಒಂದೇ ವೇತನ ಒಪ್ಪಂದ, ಜೊತೆಗೆ ಕಂಪನಿ ಷೇರಿನಲ್ಲಿ ಪಾಲು. ಪಟ್ಟಿಯನ್ನು ನಾವೇ ಒಪ್ಪಿಕೊಳ್ಳದಿದ್ದರೆ ಮೂವರು ಮಧ್ಯಸ್ಥರು ಹೇಳಿದ್ದಕ್ಕೆ ಬದ್ಧ ಅಂತ ಮುಂಚೆಯೇ ಸಹಿ. ಅಕ್ಟೋಬರ್ 29ಕ್ಕೆ ವಿಲೀನ ಮುಗೀತು, ಡಿಸೆಂಬರಿನಲ್ಲಿ ಪಟ್ಟಿ ಬಂತು. ಬೈದವರು ಬೈದರು, ಆದರೆ ಅದೇ ಪಟ್ಟಿಯಲ್ಲಿ ಹಾರಿಸಿದರು.

ಆ ಡಿಸೆಂಬರಿನಲ್ಲಿ ಕಚ್ಚಾತೈಲದ ರೇಟು ಎಷ್ಟಿತ್ತು ಗೊತ್ತಾ? 40 ಡಾಲರಿಗಿಂತ ಕೆಳಗೆ. ಯಾವ ಬೆಂಕಿ ಆರಿಸೋಕೆ ಅವಸರದಲ್ಲಿ ಮದುವೆ ಆಯ್ತೋ ಆ ಬೆಂಕಿ ಆರತಕ್ಷತೆ ಹೊತ್ತಿಗೆ ಆರಿಹೋಗಿತ್ತು. ಆದರೆ ಪಟ್ಟಿ? ಆಗ ಮೂವತ್ತೈದು ವಯಸ್ಸಿದ್ದವನು ಆ ನಂಬರಿನ ಜೊತೆ 2038ರವರೆಗೆ ಬಾಳಬೇಕು. (ನಿವೃತ್ತಿ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದ್ದು 2007ರ ಡಿಸೆಂಬರಿನಲ್ಲಿ. ಕಿರಿಯರು ಕಾಯೋದು ಇನ್ನೂ ಐದು ವರ್ಷ ಹೆಚ್ಚಾಯ್ತು, ಅದು ಬೇರೆ ಹೊಟ್ಟೆಯುರಿ.) ನನ್ನ ವಾದ ಇಷ್ಟೇ: ಎಣ್ಣೆ ರೇಟು ಒಂದು ವರ್ಷದ ಲೆಕ್ಕ, ಪಟ್ಟಿ ಮೂವತ್ತು ವರ್ಷದ್ದು. ಒಂದು ವರ್ಷದ ಲೆಕ್ಕ ತೋರಿಸಿ "ಕಂಪನಿ ಉಳೀಬೇಕಾದ್ರೆ ಬೇಗ ಸಹಿ ಹಾಕಿ" ಅನ್ನೋ ಮ್ಯಾನೇಜ್‌ಮೆಂಟನ್ನು ಪೈಲಟ್ಟು ಅನುಮಾನದಿಂದ ನೋಡಿದರೆ ಅದು ದುರಾಸೆಯಲ್ಲ.

ಹಾಗಾದ್ರೆ ಈ ಸೀನಿಯಾರಿಟಿಯನ್ನೇ ಕಿತ್ತುಹಾಕಿ, ಯೋಗ್ಯತೆ ನೋಡಿ ಬಡ್ತಿ ಕೊಟ್ಟರೆ ಆಗಲ್ವಾ ಅಂತ ನಮ್ಮ ಐಟಿ ಮಂದಿ ಕೇಳೇ ಕೇಳ್ತಾರೆ. ನಮ್ಮ ಅಪ್ರೈಸಲ್ ಕಥೆ ನಮಗೇ ಗೊತ್ತಲ್ಲ ಸ್ವಾಮಿ, ಅದನ್ನ ಕಾಕ್‌ಪಿಟ್ಟಿಗೂ ತಗೊಂಡು ಹೋಗ್ಬೇಕಾ? :-)

ತಮಾಷೆ ಬದಿಗಿಡಿ. 2008ರ ಜುಲೈನಲ್ಲಿ, ಎಣ್ಣೆ ತುತ್ತತುದಿಯಲ್ಲಿದ್ದಾಗ, ಅದೇ ಯುಎಸ್ ಏರ್‌ವೇಸಿನ ಪೈಲಟ್ ಯೂನಿಯನ್ ಯುಎಸ್‌ಎ ಟುಡೇ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಹಾಕಿತು. ಜಾಸ್ತಿ ಇಂಧನ ತುಂಬಿಸ್ತಾರೆ ಅಂತ ಎಂಟು ಜನ ಹಿರಿಯ ಕ್ಯಾಪ್ಟನ್ನರನ್ನು ಕಂಪನಿ ಹೆಕ್ಕಿ ತರಬೇತಿಗೆ ಬರಹೇಳಿತ್ತು. ಇದು ಬೆದರಿಸೋ ತಂತ್ರ ಅಂತ ಯೂನಿಯನ್, ಬರೀ ತರಬೇತಿ ಅಂತ ಕಂಪನಿ. ಯಾರು ಎಷ್ಟು ಸರಿ ಅನ್ನೋದು ಪಕ್ಕಕ್ಕಿರಲಿ, ವಿಷಯ ನೋಡಿ. ಹೆಚ್ಚು ಇಂಧನ ಹೊತ್ತರೆ ವಿಮಾನ ಭಾರ, ಭಾರ ಹೊರೋಕೇ ಮತ್ತಷ್ಟು ಇಂಧನ ಸುಡುತ್ತೆ, ಕಂಪನಿಗೆ ನಷ್ಟ. ಆದರೆ ಇಳಿಯೋ ಊರಿನಲ್ಲಿ ಮಂಜು ಕವಿದು ಅರ್ಧ ಗಂಟೆ ಸುತ್ತಬೇಕಾಗಿ ಬಂದರೆ ಆ ಹೆಚ್ಚುವರಿ ಟನ್ನೇ ಜೀವ. "ಇನ್ನೂ ಸ್ವಲ್ಪ ಹಾಕಿ" ಅಂತ ಹೇಳೋ ಹಕ್ಕು ಕ್ಯಾಪ್ಟನ್ನಿನದು. ಅವನ ಬಡ್ತಿ ಮ್ಯಾನೇಜರ್ ಕೈಯಲ್ಲಿದ್ದು, ಉಳಿಸಿದ ಎಣ್ಣೆ ನೋಡಿ ಅಂಕ ಕೊಡೋ ಹಾಗಿದ್ದರೆ ಎಷ್ಟು ಜನ ಹೇಳ್ತಾರೆ? ಸೀನಿಯಾರಿಟಿ ಒಳ್ಳೆ ಪೈಲಟ್ಟನ್ನು ಆರಿಸೋದಿಲ್ಲ, ಒಪ್ಪಿದೆ. ಅದಕ್ಕೆ ಲೈಸೆನ್ಸು, ಸಿಮ್ಯುಲೇಟರ್ ಪರೀಕ್ಷೆ ಇದೆ. ಸೀನಿಯಾರಿಟಿ ಇರೋದು ಪಾಸಾದವನು ಹೆದರದೆ ಇಲ್ಲ ಅನ್ನೋ ಹಾಗಿರಲಿ ಅಂತ.

ಅದಕ್ಕೆ ತೆರೋ ಬೆಲೆಯೂ ಇದೆ. 2009ರ ಜನವರಿ 15ರಂದು ಹಡ್ಸನ್ ನದಿಗೆ ವಿಮಾನ ಇಳಿಸಿದ ಕಥೆ ಎಲ್ಲರಿಗೂ ಗೊತ್ತು. ಕ್ಯಾಪ್ಟನ್ ಸಲ್ಲನ್‌ಬರ್ಗರ್ ಪಕ್ಕದಲ್ಲಿದ್ದ ಜೆಫ್ರಿ ಸ್ಕೈಲ್ಸ್ ಅದೇ ಕಂಪನಿಯಲ್ಲಿ ಇಪ್ಪತ್ತು ವರ್ಷ ಮೀರಿದವನು, ಹಿಂದೆ ಕ್ಯಾಪ್ಟನ್ ಆಗಿದ್ದವನು. ಕಂಪನಿ ಚಿಕ್ಕದಾಗ್ತಾ ಆಗ್ತಾ ನಂಬರು ಹಿಂದೆ ಬಿದ್ದು ಬಲಗಡೆ ಸೀಟಿಗೆ ಬಂದಿದ್ದ. ಮರುತಿಂಗಳು ಸಲ್ಲನ್‌ಬರ್ಗರ್ ಅಮೆರಿಕದ ಸಂಸತ್ತಿನ ಮುಂದೆ ತನ್ನ ಸಂಬಳ 40 ಶೇಕಡಾ ಕಡಿತವಾಗಿದ್ದನ್ನೂ ಪಿಂಚಣಿ ಹೋದದ್ದನ್ನೂ ಹೇಳಿದ. ಲಕ್ಷಗಟ್ಟಲೆ ಎಣಿಸೋರು ಅಂತ ಆಡಿಕೊಳ್ಳೋರು ಇದನ್ನೂ ಲೆಕ್ಕಕ್ಕೆ ತಗೋಬೇಕು.

*

ನಮ್ಮಲ್ಲೇನು ಕಡಿಮೆಯಿಲ್ಲ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸನ್ನು ಒಂದು ಮಾಡಿದರು. ಹೆಸರು ಒಂದಾಯ್ತು, ಬಣ್ಣ ಒಂದಾಯ್ತು. ಸಂಬಳ, ಬಡ್ತಿ ಎರಡೆರಡು ಹಾಗೇ ಉಳೀತು. ಸಣ್ಣ ವಿಮಾನಗಳ ಇಂಡಿಯನ್ ಏರ್‌ಲೈನ್ಸಿನಲ್ಲಿ ಬೇಗ ಕ್ಯಾಪ್ಟನ್ ಆಗ್ತಿದ್ದರು, ಏರ್ ಇಂಡಿಯಾದಲ್ಲಿ ಕಾಯಬೇಕಿತ್ತು. 2011ರಲ್ಲಿ ಸಮಾನ ವೇತನ ಅಂತ ಇಂಡಿಯನ್ ಏರ್‌ಲೈನ್ಸ್ ಕಡೆಯವರ ಮುಷ್ಕರ. ಆಮೇಲೆ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ. ಅದರ ವರದಿ ಬಂದಿದ್ದು 2012ರ ಶುರುವಿನಲ್ಲಿ, ಅಂದರೆ ಮದುವೆಯಾಗಿ ನಾಲ್ಕು ವರ್ಷದ ಮೇಲೆ ಜಾತಕ ನೋಡಿಸಿದ ಹಾಗೆ. ಅದೇ ವರ್ಷ ಮೇ ತಿಂಗಳಲ್ಲಿ ಏರ್ ಇಂಡಿಯಾ ಕಡೆಯವರು, ಹೊಸ ಡ್ರೀಮ್‌ಲೈನರ್ ತರಬೇತಿ ಆ ಕಡೆಯವರಿಗೆ ಯಾಕೆ ಅಂತ 58 ದಿನ ಕೆಲಸ ನಿಲ್ಲಿಸಿದರು. ಈ ಮುಷ್ಕರದಲ್ಲಿ ನಾನು ಪೈಲಟ್ಟುಗಳ ಪರ ಇಲ್ಲ. ಹೊಸ ವಿಮಾನವನ್ನು ಒಂದು ಕಡೆಯವರ ಪಿತ್ರಾರ್ಜಿತ ಅನ್ನೋದು ಅತಿಯಾಯ್ತು. ಆದರೆ ಪಟ್ಟಿ ಇತ್ಯರ್ಥ ಮಾಡದೆ ಬೋರ್ಡು ಬದಲಾಯಿಸಿದವರ ತಪ್ಪು ಅದಕ್ಕಿಂತ ದೊಡ್ಡದು.

ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಕಿಂಗ್‌ಫಿಶರ್ ಜೊತೆ ಸೇರಿದ್ದೂ ಅದೇ 2007–08ರ ಎಣ್ಣೆ ಬಿಸಿಯಲ್ಲಿ. ಅಲ್ಲಿ ಪಟ್ಟಿಯ ಮಾತೇ ಅಪ್ರಸ್ತುತವಾಯ್ತು. ತಿಂಗಳುಗಟ್ಟಲೆ ಸಂಬಳ ಬಾಕಿ ಇಟ್ಟು 2012ರ ಅಕ್ಟೋಬರಿನಲ್ಲಿ ಕಂಪನಿಯೇ ನಿಂತಿತು. ನಮ್ಮಲ್ಲಿ ಕ್ಯಾಪ್ಟನ್ನರ ಕೊರತೆ ಇರೋದ್ರಿಂದ ಅನುಭವಿಗಳನ್ನು ಬೇರೆ ಕಂಪನಿಗಳು ನೇರ ಕ್ಯಾಪ್ಟನ್ ಆಗಿಯೇ ತಗೊಳ್ಳೋದುಂಟು, ಅಮೆರಿಕದಷ್ಟು ಕಟ್ಟುನಿಟ್ಟಲ್ಲ. ಪಾಪದ ಫಸ್ಟ್ ಆಫೀಸರುಗಳಿಗೆ ಆ ಅನುಕೂಲವಿಲ್ಲ.

ಟಾಟಾದವರು 2022ರ ಜನವರಿಯಲ್ಲಿ ಏರ್ ಇಂಡಿಯಾ ತಗೊಂಡ ಮೇಲೆ ಇನ್ನೆರಡು ವಿಲೀನ ಆಯಿತು. 2024ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನಿಂದ ಶುರುವಾಗಿದ್ದ ಹಳೇ ಏರ್‌ಏಷ್ಯಾ ಇಂಡಿಯಾ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿತು, ನವೆಂಬರಿನಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ. ವಿಸ್ತಾರದ ಪೈಲಟ್ಟುಗಳು ಆ ಏಪ್ರಿಲಿನಲ್ಲೇ ಹೊಸ ಸಂಬಳ ಪದ್ಧತಿಗೆ ಸಿಟ್ಟಾಗಿದ್ದರು. ತಿಂಗಳಿಗೆ 70 ಗಂಟೆ ಹಾರಾಟದ ಸಂಬಳ ಖಾತ್ರಿ ಇದ್ದದ್ದು 40ಕ್ಕೆ ಇಳಿದಿತ್ತು. ಎಷ್ಟೋ ವಿಮಾನ ರದ್ದಾಗಿ ಪ್ರಯಾಣಿಕರು ಏರ್‌ಪೋರ್ಟಿನಲ್ಲಿ ಶಾಪ ಹಾಕಿದರು. ಅಲ್ಲೂ ಮೊದಲು ಬೈಸಿಕೊಂಡಿದ್ದು ಪೈಲಟ್ಟುಗಳೇ.

ಇದನ್ನು ಓದೋರಲ್ಲಿ ಯಾರಾದ್ರೂ ಆ ಎರಡು ವಿಲೀನದಲ್ಲಿ ಹಾದು ಬಂದ ಪೈಲಟ್ ಇದ್ದರೆ, ಅಥವಾ ನಿಮ್ಮ ಅಣ್ಣನೋ ಭಾವನೋ ಹಾಗಿದ್ದರೆ, ಪಟ್ಟಿ ಹೇಗೆ ಹೆಣೆದರು ಅಂತ ದಯವಿಟ್ಟು ಬರೀರಿ. ನಂಬರು ಹೇಳಬೇಕಾಗಿಲ್ಲ, ಮುಂದೆ ಹೋದಿರೋ ಹಿಂದೆ ಬಂದಿರೋ ಅಷ್ಟು ಹೇಳಿದ್ರೆ ಸಾಕು.