ಗೂಲ್ಡ್ ವೇದಿಕೆ ಬಿಟ್ಟದ್ದು ಸರಿಯೇ?

1964ರ ಏಪ್ರಿಲ್ 10. ಲಾಸ್ ಏಂಜಲೀಸ್‌ನ ವಿಲ್‌ಷೈರ್ ಈಬೆಲ್ ಥಿಯೇಟರಿನಲ್ಲಿ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಅವರ ಕಛೇರಿ. ಇದೇ ಕೊನೆಯದು ಎಂದು ಯಾರೂ ಸಾರಿರಲಿಲ್ಲ. ನುಡಿಸಿದರು, ಎದ್ದುಹೋದರು, ಮತ್ತೆ ವೇದಿಕೆ ಹತ್ತಲಿಲ್ಲ. ಆಗ ಅವರಿಗೆ 31 ವರ್ಷ, ಕೀರ್ತಿ ನೆತ್ತಿಗೇರಿದ್ದ ಕಾಲ. 1982ರ ಅಕ್ಟೋಬರಿನಲ್ಲಿ, 50 ತುಂಬಿದ ಕೆಲವೇ ದಿನಗಳಿಗೆ, ಟೊರಾಂಟೊದಲ್ಲಿ ತೀರಿಕೊಂಡರು. ನಡುವಿನ 18 ವರ್ಷ ಅವರ ಸಂಗೀತ ಜನರಿಗೆ ತಲುಪಿದ್ದು ರೆಕಾರ್ಡು, ರೇಡಿಯೊ, ಟಿ.ವಿ.ಗಳ ಮೂಲಕ ಮಾತ್ರ.

ಬಿಟ್ಟುಹೋಗುವ ಹಕ್ಕು ಅವರಿಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದ ಸಂಗೀತಕ್ಕೆ ಆದದ್ದು ಲಾಭವೋ ನಷ್ಟವೋ ಎಂಬ ಜಗಳ ಅವರ ಅಭಿಮಾನಿಗಳಲ್ಲಿ ಇಂದಿಗೂ ಮುಗಿದಿಲ್ಲ. ನಮ್ಮ ಕಛೇರಿಗಳಲ್ಲಿ ಮೃದಂಗದ ತನಿ ಆವರ್ತನಕ್ಕೆ ಸಭೆಯೇ ತೊಡೆ ತಟ್ಟಿ ತಾಳ ಹಾಕುವುದನ್ನು ನೋಡಿ ಬೆಳೆದ ನನಗೂ ಅದು ಸುಲಭದ ಪ್ರಶ್ನೆಯಲ್ಲ.

ಗೂಲ್ಡ್ ಅವರ ಕಣ್ಣಿಗೆ ಸಭಾಂಗಣ ಒಂದು ಅಖಾಡ. ಕಲಾವಿದ ಎಲ್ಲಿ ಎಡವುತ್ತಾನೋ ಎಂದು ಕಾಯುವ ಕ್ರೌರ್ಯ ಅಲ್ಲಿದೆ, ಒಮ್ಮೆ ನುಡಿಸಿದ್ದನ್ನು ತಿದ್ದುವ ಅವಕಾಶವಿಲ್ಲ ಎನ್ನುತ್ತಿದ್ದರು. ಚಪ್ಪಾಳೆಯನ್ನೇ ನಿಷೇಧಿಸಬೇಕೆಂದು 1962ರಲ್ಲಿ ಲೇಖನವನ್ನೂ ಬರೆದಿದ್ದರು. ಇದನ್ನೆಲ್ಲ ನಾಜೂಕು ಮನಸ್ಸಿನವನ ಗೊಣಗಾಟ ಎಂದು ತಳ್ಳಿಹಾಕಬಹುದು. ತಳ್ಳಿಹಾಕಲಾಗದ ಸಾಕ್ಷ್ಯವೊಂದಿದೆ. 1957ರ ಸೋವಿಯತ್ ಪ್ರವಾಸದಲ್ಲಿ ಜರ್ಮನ್ ಸಂಗೀತರಚನಕಾರ ಬಾಖ್‌ನ ಒಂದು ಪಾರ್ಟಿಟಾವನ್ನು, ಅಂದರೆ ನೃತ್ಯಲಯದ ಕಿರುರಚನೆಗಳ ಮಾಲೆಯನ್ನು, ಅವರು ಮತ್ತೆ ಮತ್ತೆ ನುಡಿಸಿದರು. ದೊಡ್ಡ ದೊಡ್ಡ ಸಭಾಂಗಣಗಳ ಹಿಂದಿನ ಸಾಲಿನವರನ್ನೂ ಮುಟ್ಟಬೇಕೆಂದು ಇಲ್ಲೊಂದು ಒತ್ತು, ಅಲ್ಲೊಂದು ಏರಿಳಿತ ಸೇರುತ್ತ ಹೋಯಿತು. ಊರಿಗೆ ಮರಳಿ ಅದನ್ನೇ ಧ್ವನಿಮುದ್ರಿಸಿದಾಗ ಆ ಚಮತ್ಕಾರಗಳೆಲ್ಲ ಬೆರಳಿಗೆ ಅಂಟಿಕೊಂಡೇ ಬಂದಿದ್ದವು. ತನ್ನ ಬಾಖ್ ಮುದ್ರಣಗಳಲ್ಲೇ ಅದು ತೀರಾ ಕೆಟ್ಟದ್ದು ಎಂದು ಅವರೇ ಹೇಳಿಕೊಂಡರು. ಚಪ್ಪಾಳೆ ಗಿಟ್ಟಿಸುವ ಜಾಗವನ್ನು ಕೈ ತಾನಾಗಿ ಹುಡುಕಿಕೊಳ್ಳುವುದು ಯಾವ ಕಛೇರಿ ಕಲಾವಿದನಿಗೆ ಗೊತ್ತಿಲ್ಲ?

ಸ್ಟುಡಿಯೊದಲ್ಲಿ ಅವರಿಗೆ ಸಿಕ್ಕಿದ್ದು ಎರಡನೆಯ ಯೋಚನೆ. ಬಾಖ್‌ನ ಎ ಮೈನರ್ ಫ್ಯೂಗ್ ಒಂದನ್ನು, ಅಂದರೆ ಒಂದೇ ಸ್ವರವಾಕ್ಯ ಹಿಡಿದು ಒಂದರ ಬೆನ್ನಿಗೊಂದು ದನಿ ಸೇರುತ್ತ ಹೋಗುವ ರಚನೆಯನ್ನು, ಎಂಟು ಸಲ ನುಡಿಸಿದರು. ಆರನೆಯದರಲ್ಲೂ ಎಂಟನೆಯದರಲ್ಲೂ ಒಂದು ಸ್ವರ ತಪ್ಪಿರಲಿಲ್ಲ. ಕೆಲವು ವಾರ ಬಿಟ್ಟು ಕೇಳಿದಾಗ ಆರನೆಯದು ಬಿಗುಮಾನದ್ದು, ಎಂಟನೆಯದು ಕುಣಿಯುವಂಥದ್ದು ಎನಿಸಿತು. ಎರಡೂ ಉದ್ದಕ್ಕೂ ಒಂದೇ ಭಾವದಲ್ಲಿ ಸಾಗಿ ಬೇಸರ ತರಿಸುತ್ತಿದ್ದವು. ಕೊನೆಗೆ ಆರಂಭಕ್ಕೂ ಮುಕ್ತಾಯಕ್ಕೂ ಆರನೆಯದು, ನಡುವಿಗೆ ಎಂಟನೆಯದು ಎಂದು ಟೇಪು ಕತ್ತರಿಸಿ ಜೋಡಿಸಿದರು. ಇದು ಮೋಸ ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಕವಿ ಕರಡು ತಿದ್ದಿದರೆ ಯಾರೂ ಅದನ್ನು ಮೋಸ ಎನ್ನುವುದಿಲ್ಲ.

ಇನ್ನು ಆಚೆಯ ತಕ್ಕಡಿ. ಅದರಲ್ಲಿ ಭಾರವಾಗಿ ಕೂರುವುದು ಅದೇ ಪ್ರವಾಸದ ಇನ್ನೊಂದು ಸಂಗತಿ. 1957ರ ಮೇ 7ರಂದು ಮಾಸ್ಕೋ ಕನ್ಸರ್ವೇಟರಿಯ ದೊಡ್ಡ ಸಭಾಂಗಣದಲ್ಲಿ ಗೂಲ್ಡ್ ನುಡಿಸಲು ಕೂತಾಗ ಹೆಚ್ಚಿನ ಕುರ್ಚಿಗಳು ಖಾಲಿ. ಹೆಸರೇ ಕೇಳದ ವಿದೇಶಿ ಹುಡುಗನನ್ನು ನೋಡಲು ಯಾರು ಬರುತ್ತಾರೆ? ವಿರಾಮದಲ್ಲಿ, ಕೇಳಿದವರು ಟೆಲಿಫೋನ್‌ಗಳತ್ತ ಓಡಿ ಗೆಳೆಯರಿಗೆ ಸುದ್ದಿ ಮುಟ್ಟಿಸಿದರು. ದ್ವಿತೀಯಾರ್ಧಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಮುಂದೆ ವಿದ್ಯಾರ್ಥಿಗಳೆದುರು ಶೋನ್‌ಬರ್ಗ್ ಪಂಥದ ಆಧುನಿಕ ಸಂಗೀತವನ್ನು ವಿವರಿಸಿ ನುಡಿಸಿದರು. ಅಲ್ಲಿನ ಆಡಳಿತಕ್ಕೆ ಆಗದ ಸಂಗೀತವದು. ಕೆಲವು ಹಿರಿಯರು ಎದ್ದುಹೋದರು, ಹುಡುಗರು ಕೂತು ಕೇಳಿದರು. ಆ ಕೋಣೆಯ ಉಸಿರು ಯಾವ ಟೇಪಿಗೂ ದಕ್ಕುವುದಿಲ್ಲ. ಒಬ್ಬ ಮನುಷ್ಯ ಬಂದು ಎದುರಿಗೆ ಕೂತದ್ದರಿಂದ ಆದದ್ದು ಅದು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಸ್ಟುಡಿಯೊದ ಬಾಗಿಲು ತೆರೆದದ್ದೇ ವೇದಿಕೆ. 1955ರ ಜನವರಿ 11ರಂದು ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ನುಡಿಸಿದ್ದನ್ನು ಕೇಳಿಯೇ ಕೊಲಂಬಿಯಾ ರೆಕಾರ್ಡ್ ಕಂಪನಿ ಮರುದಿನ ಒಪ್ಪಂದಕ್ಕೆ ಕರೆದದ್ದು. ಕಛೇರಿ ಪದ್ಧತಿಯೇ ಅಳಿದುಹೋಗುತ್ತದೆ ಎಂದು ಭವಿಷ್ಯ ನುಡಿಯುವಾಗ ಗೂಲ್ಡ್ ಈ ಋಣವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಸರಿಲ್ಲದ 22ರ ಹುಡುಗನಿಗೆ ಇಂದಿಗೂ ಮೊದಲ ಮೆಟ್ಟಿಲು ಜನರೆದುರಿನ ಕುರ್ಚಿಯೇ. ಆದ್ದರಿಂದ ಅವರ ದಾರಿಯನ್ನು ಎಲ್ಲರಿಗೂ ನಿಯಮವಾಗಿ ಒಪ್ಪಲು ನನ್ನಿಂದ ಆಗದು.

ಆದರೆ ಅವರೊಬ್ಬರ ಮಟ್ಟಿಗೆ? ಕಾಲು ಕತ್ತರಿಸಿ ಅಪ್ಪ ಮಾಡಿಕೊಟ್ಟ ಕುರ್ಚಿಯ ಎತ್ತರ ನೆಲದಿಂದ ಸುಮಾರು 14 ಅಂಗುಲ. ಸೀಟು ಹರಿದು ಬರೀ ಚೌಕಟ್ಟು ಉಳಿದರೂ ಬಿಡದೆ ಅದರ ಮೇಲೇ ಕೂತು ನುಡಿಸಿದವರು ಅವರು. ಹೊಂದಿಕೊಂಡು ನಡೆಯುವ ಜೀವವಲ್ಲ ಅದು. ಊರೂರು ಸುತ್ತುವುದು ತಪ್ಪಿದ್ದರಿಂದಲೇ ಕೆನಡಾದ ಸಿಬಿಸಿ ರೇಡಿಯೊಕ್ಕಾಗಿ 1967ರಲ್ಲಿ 'ದಿ ಐಡಿಯಾ ಆಫ್ ನಾರ್ತ್' ಎಂಬ ಕಾರ್ಯಕ್ರಮ ಹುಟ್ಟಿತು ಎಂದು ನಾನು ನಂಬುತ್ತೇನೆ. ಕೆನಡಾದ ಉತ್ತರವನ್ನು ಬಲ್ಲ ಐವರ ಮಾತುಗಳನ್ನು ಅದರಲ್ಲಿ ಫ್ಯೂಗ್‌ನ ದನಿಗಳಂತೆ ಒಂದರ ಮೇಲೊಂದು ಹೆಣೆದಿದ್ದಾರೆ. ಸಂಗೀತಗಾರ ಮಾತ್ರ ಮಾಡಬಲ್ಲ, ಆದರೆ ಪುರುಸೊತ್ತಿಲ್ಲದ ಸಂಗೀತಗಾರ ಮಾಡಲಾರದ ಕೆಲಸ ಅದು.

ಅದಕ್ಕಿಂತ ದೊಡ್ಡ ಸಾಕ್ಷಿ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್'. 1955ರಲ್ಲಿ ನ್ಯೂಯಾರ್ಕಿನ 30ನೇ ಬೀದಿಯಲ್ಲಿ, ಹಿಂದೆ ಚರ್ಚ್ ಆಗಿದ್ದ ಸ್ಟುಡಿಯೊದಲ್ಲಿ, ಅದನ್ನು ಸುಮಾರು 38 ನಿಮಿಷದಲ್ಲಿ ನುಡಿಸಿ ಲೋಕವನ್ನು ಬೆರಗುಗೊಳಿಸಿದ್ದರು. 1981ರಲ್ಲಿ ಅದೇ ಸ್ಟುಡಿಯೊಕ್ಕೆ ಮರಳಿ ಅದನ್ನೇ ಮತ್ತೆ ನುಡಿಸಿದರು: 51 ನಿಮಿಷ. ಒಂದಷ್ಟು ಪುನರಾವರ್ತನೆಗಳು ಸೇರಿದ್ದು ನಿಜ, ಆದರೆ ನಡೆಯೇ ಬದಲಾಗಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಸ್ವರಗಳ ಸಂದಿನಲ್ಲಿ ಅವರು ಗುನುಗುವ ದನಿ ಕಿವಿಯ ಪಕ್ಕದಲ್ಲೇ ಕೇಳಿಸುತ್ತದೆ. ಸಾವಿರ ಜನರ ನಡುವೆ ಕೂತವರಿಗೆ ಈ ಹತ್ತಿರ ಸಿಗುತ್ತಿರಲಿಲ್ಲ. ವೇದಿಕೆ ಬಿಟ್ಟು ಗೂಲ್ಡ್ ತಪ್ಪು ಮಾಡಲಿಲ್ಲ ಎಂಬ ಕಡೆಗೇ ನನ್ನ ತಕ್ಕಡಿ ವಾಲುವುದು ಈ ಮುದ್ರಣದಿಂದ. ಮಾಸ್ಕೋದ ಆ ಸಂಜೆ ನೆನಪಾದಾಗ ಮಾತ್ರ ಮುಳ್ಳು ಅಲುಗಾಡುತ್ತದೆ.

ಓದುಗರಲ್ಲಿ ಒಂದು ಕೋರಿಕೆ. ಆ ಕೃತಿಯ ಆರಂಭದಲ್ಲಿ ಬರುವ ಆರಿಯಾ 1955ರದ್ದು ಎರಡು ನಿಮಿಷಕ್ಕೂ ಕಡಿಮೆ, 1981ರದ್ದು ಮೂರು ನಿಮಿಷ ಚಿಲ್ಲರೆ. ಎರಡನ್ನೂ ಒಂದಾದ ಮೇಲೊಂದು ಕೇಳಿ, ಆಮೇಲೆ ನಿಮ್ಮ ತೀರ್ಪು ಕೊಡಿ. ಐದು ನಿಮಿಷ ಸಾಕು.