ತಿರುಗುವ ಸೀಟು ಕೊಳ್ಳುವ ಮುನ್ನ

ಕಳೆದ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ನಡುವೆ ಬೇರೆಯೇ ಮಾತಿನ ಮೂರು ಪತ್ರಗಳು ಸೇರಿಕೊಂಡಿದ್ದವು. ಸಿದ್ದಾಪುರದ ಸೋದರಿಯೊಬ್ಬರ ಮಗ ಬೆಂಗಳೂರಿನಲ್ಲಿದ್ದಾನೆ. ಮಗುವಿಗೆ "ತಿರುಗುವ ಕನ್ವರ್ಟಿಬಲ್ ಸೀಟು" ತರಿಸುತ್ತೇನೆ ಅಂತ ಹೊರಟಿದ್ದಾನಂತೆ. ಅಷ್ಟೊಂದು ದುಡ್ಡು ಸುರಿಯುವಂಥದ್ದು ಅದರಲ್ಲಿ ಏನಿದೆ ಎಂದು ಅವರು ಕೇಳುತ್ತಾರೆ. ಯಲ್ಲಾಪುರದ ತಾಯಿಯೊಬ್ಬರಿಗೆ ಮೂರು ವರ್ಷದ ಮಾಣಿ, ಜೊತೆಗೆ ಆರು ತಿಂಗಳ ಕೂಸು. ಇರುವುದು ಒಂದು ಸಣ್ಣ ಕಾರು, ಅತ್ತೆ ಮಾವನೂ ಜೊತೆಯಲ್ಲೇ ಇದ್ದಾರೆ. ಎಲ್ಲರೂ ಹಿಡಿಸುವುದು ಹೇಗೆಂದು ಅವರಿಗೆ ಚಿಂತೆ. ಮೂರನೆಯದು ನಮ್ಮ ಶಿರಸಿಯ ಸೊಸೆಯೊಬ್ಬಳ ಪತ್ರ. ಸೀಟು ಮನೆಗೆ ಬಂದಿದೆ. ಆದರೆ ದೇವಿಮನೆ ಘಟ್ಟದಲ್ಲಿ ಮಗು ಅಳಲು ಶುರು ಮಾಡಿದ ಕೂಡಲೇ ಅತ್ತೆಯವರು ಬೆಲ್ಟು ಬಿಚ್ಚಿ ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. "ಹಿರಿಯರಿಗೆ ಹೇಳುವುದು ಹೇಗಕ್ಕಾ?"

ಮೂರನೆಯದರಿಂದಲೇ ಶುರು ಮಾಡುತ್ತೇನೆ. ಅದು ಬಗೆಹರಿಯದಿದ್ದರೆ ಎಷ್ಟು ಬೆಲೆಯ ಸೀಟು ತಂದರೂ ಅದು ಹಿಂದಿನ ಸೀಟಿನಲ್ಲಿ ಬಟ್ಟೆಯ ಚೀಲ ಇಡುವ ಜಾಗವಾಗುತ್ತದೆ, ಅಷ್ಟೇ.

ಅತ್ತೆಯಂದಿರ ಮಾತು ನನಗೆ ಗೊತ್ತು. "ನಮ್ಮ ಕಾಲದಲ್ಲಿ ಇದೆಲ್ಲ ಇತ್ತನೇ? ಮಕ್ಕಳು ದೊಡ್ಡಾಗಲಿಲ್ಲನೇ?" ದೊಡ್ಡಾದರು, ನಿಜ. ಆಗ ನಾವು ಹೋಗುತ್ತಿದ್ದುದು ಕೆಂಪು ಬಸ್ಸಿನಲ್ಲಿ. ಈಗಿನ ಕಾರು ಶಿರಸಿ ದಾಟಿದ ಕೂಡಲೇ ಐವತ್ತು ಅರವತ್ತು ಕಿಲೋಮೀಟರ್ ವೇಗ ಹಿಡಿಯುತ್ತದೆ. ಐವತ್ತರ ವೇಗದಲ್ಲಿ ಓಡುವ ಕಾರು ಎದುರಿಗೆ ಏನಕ್ಕಾದರೂ ಬಡಿದು ನಿಂತಿತು ಅನ್ನಿ. ಬೆಲ್ಟಿಲ್ಲದೆ ಒಳಗಿದ್ದವರಿಗೆ ಅದು ಮೂವತ್ತಮೂರು ಅಡಿ ಎತ್ತರದಿಂದ ನೆಲಕ್ಕೆ ಬಿದ್ದ ಹಾಗೆ. ಅಂದರೆ ಒಂದು ಒಳ್ಳೆಯ ಅಡಿಕೆ ಮರದ ಎತ್ತರ. ಕೊನೆಗೌಡ ಮರದಿಂದ ಮರಕ್ಕೆ ದಾಟುವಾಗ ಕೆಳಗೆ ನಿಂತ ನಮಗೇ ಎದೆ ಡವಡವ ಅನ್ನುವುದಿಲ್ಲವೇ? ಮಗುವನ್ನು ಎತ್ತಿಕೊಂಡು ಆ ಎತ್ತರದಲ್ಲಿ ಕೂರುತ್ತೀರಾ ಅಂತ ಕೇಳಿ ನೋಡಿ. ತೋಟದ ಮನೆಯ ಅತ್ತೆಗೆ ಈ ಲೆಕ್ಕ ಕೂಡಲೇ ತಿಳಿಯುತ್ತದೆ.

ಇನ್ನು "ಗಟ್ಟಿಯಾಗಿ ಹಿಡಕೊಂಡಿರ್ತೇನೆ" ಎಂಬ ಮಾತು. ಅಪಘಾತದ ಆ ಒಂದು ಕ್ಷಣದಲ್ಲಿ ಹತ್ತು ಕಿಲೋ ತೂಕದ ಮಗು ಇಪ್ಪತ್ತು ಪಟ್ಟು ಭಾರವಾಗಿ ಮುಂದಕ್ಕೆ ಎಳೆಯುತ್ತದೆ. ಅಂದರೆ ಎರಡು ಕ್ವಿಂಟಾಲು. ಎರಡು ಕ್ವಿಂಟಾಲು ಅಡಿಕೆಯನ್ನು ಎರಡು ಕೈಯಲ್ಲಿ ತಡೆದು ಹಿಡಿಯುವವರು ಯಾರಿದ್ದಾರೆ? ಪ್ರೀತಿ ಎಷ್ಟೇ ಇರಲಿ, ರಟ್ಟೆಯಲ್ಲಿ ಅಷ್ಟು ಬಲ ಇರುವುದಿಲ್ಲ. ದೊಡ್ಡವರು ತಮ್ಮ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳುವುದಂತೂ ಇನ್ನೂ ಕೆಟ್ಟದ್ದು. ದೊಡ್ಡವರ ಮೈಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ನಮ್ಮ ರಸ್ತೆಗಳ ವಿಷಯ ನಿಮಗೆ ಹೇಳಬೇಕಾಗಿಲ್ಲ. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಉರುಳಿ ಹತ್ತು ಮಂದಿ ಹೋದರು. ಲಾರಿಯ ಮಾತು ಬೇರೆ, ಕಾರಿನ ಮಾತು ಬೇರೆ. ಆದರೆ ಸಮುದ್ರಕ್ಕೆ, ಗೋಕರ್ಣಕ್ಕೆ ಅಂತ ನಾವು ಮಕ್ಕಳನ್ನು ಕಟ್ಟಿಕೊಂಡು ಇಳಿಯುವ ರಸ್ತೆಯೂ ಅದೇ ಅಲ್ಲವೇ?

ಕಾನೂನೂ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಕಾರಿನಲ್ಲಿ ಬೆಲ್ಟಾಗಲೀ ಮಕ್ಕಳ ಸೀಟಾಗಲೀ ಇಲ್ಲದಿದ್ದರೆ ಒಂದು ಸಾವಿರ ರೂಪಾಯಿ ದಂಡ. ದಂಡದ ಹೆದರಿಕೆಯಿಂದ ಮಾಡುವ ಕೆಲಸ ಇದಲ್ಲ, ಆದರೂ ಮಾವನವರ ಹತ್ತಿರ ಮಾತನಾಡುವಾಗ ಇದು ಉಪಯೋಗಕ್ಕೆ ಬಂದೀತು.

ಈಗ ಸಿದ್ದಾಪುರದ ಸೋದರಿಯ ಪ್ರಶ್ನೆ. ಕನ್ವರ್ಟಿಬಲ್ ಅಂದರೆ ಒಂದೇ ಸೀಟನ್ನು ಎರಡು ರೀತಿಯಲ್ಲಿ ಬಳಸುವುದು. ಹಸುಗೂಸು ಇರುವಾಗ ಮಗುವಿನ ಮುಖ ಕಾರಿನ ಹಿಂದಕ್ಕೆ ಇರುತ್ತದೆ, ದೊಡ್ಡದಾದ ಮೇಲೆ ಮುಂದಕ್ಕೆ. ತಿರುಗುವ ಸೀಟಿನಲ್ಲಿ ಇದರ ಜೊತೆಗೆ ಇನ್ನೊಂದು ಅನುಕೂಲ. ಕೆಳಗಿನ ಪೀಠ ಕಾರಿಗೆ ಕಚ್ಚಿಕೊಂಡೇ ಇರುತ್ತದೆ, ಮೇಲಿನ ಭಾಗವನ್ನು ಮಾತ್ರ ಬಾಗಿಲ ಕಡೆಗೆ ತಿರುಗಿಸಬಹುದು. ಮಗುವನ್ನು ನಮ್ಮೆದುರಿಗೇ ಕೂರಿಸಿ, ಬೆಲ್ಟು ಹಾಕಿ, ಆಮೇಲೆ ಹಿಂದಕ್ಕೆ ತಿರುಗಿಸಿದರಾಯಿತು. ಸೊಂಟ ಬಗ್ಗಿಸಿ, ಕಾರಿನೊಳಗೆ ತಲೆ ತೂರಿಸಿ ಒದ್ದಾಡುವುದು ತಪ್ಪುತ್ತದೆ.

ಆದ್ದರಿಂದ ತಿರುಗುವುದು ಕೂರಿಸುವವರ ಅನುಕೂಲಕ್ಕೆ. ಮಗುವನ್ನು ಕಾಯುವುದು ಹಿಂದಕ್ಕೆ ಮುಖ ಮಾಡಿ ಕೂತ ಭಂಗಿ. ಹಸುಗೂಸಿನ ತಲೆ ಅದರ ಮೈಯ ಕಾಲು ಭಾಗದಷ್ಟಿರುತ್ತದೆ, ಕುತ್ತಿಗೆಯೋ ಹೂವಿನ ದಂಟು. ಎದುರಿನಿಂದ ಹೊಡೆತ ಬಿದ್ದರೆ ಮುಂದಕ್ಕೆ ಮುಖ ಮಾಡಿದ ಮಗುವಿನ ತಲೆ ಚಿಮ್ಮಿ ಕುತ್ತಿಗೆಯನ್ನು ಎಳೆಯುತ್ತದೆ. ಹಿಂದಕ್ಕೆ ಮುಖ ಇದ್ದರೆ ಬೆನ್ನು, ಕುತ್ತಿಗೆ, ತಲೆ ಮೂರೂ ಸೀಟಿಗೆ ಒರಗಿ ಪೆಟ್ಟು ಹಂಚಿಹೋಗುತ್ತದೆ. ಸೀಟಿನ ಎತ್ತರ ಮತ್ತು ತೂಕದ ಮಿತಿ ಮುಟ್ಟುವವರೆಗೂ ಹೀಗೇ ಕೂರಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಿಂದ ಹೇಳುತ್ತಿದೆ. ಮಗುವಿನ ಕಾಲು ಹಿಂದಿನ ಸೀಟಿಗೆ ತಾಗುತ್ತದೆ ಅಂತ ಬೇಗ ಮುಂದಕ್ಕೆ ತಿರುಗಿಸಬೇಡಿ. ಮಕ್ಕಳು ಚಕ್ಕಳಮಕ್ಕಳ ಹಾಕಿಕೊಂಡು ಸುಖವಾಗಿ ಕೂರುತ್ತಾರೆ. ಅವರ ಕಾಲಿನ ಚಿಂತೆ ನಮಗೇ ಜಾಸ್ತಿ!

ಹಾಗಾಗಿ ಮಗನಿಗೆ ಕೇಳಬೇಕಾದದ್ದು "ತಿರುಗುತ್ತದೆಯೇ" ಅಂತಲ್ಲ. "ಹಿಂದಕ್ಕೆ ಮುಖ ಮಾಡಿ ಎಷ್ಟು ಕಿಲೋವರೆಗೆ, ಎಷ್ಟು ಎತ್ತರದವರೆಗೆ ಕೂರಿಸಬಹುದು" ಅಂತ ಕೇಳಿ. ಕೆಲವು 13 ಕಿಲೋಗೇ ನಿಂತುಬಿಡುತ್ತವೆ, ಕೆಲವು 18 ಕಿಲೋವರೆಗೆ ಬರುತ್ತವೆ. ಸೀಟಿನ ಬೆನ್ನಿಗೋ ತಳಕ್ಕೋ ಕಿತ್ತಳೆ ಬಣ್ಣದ ಚೀಟಿ ಇದೆಯೇ ನೋಡಲು ಹೇಳಿ. ಅದರಲ್ಲಿ ಆರ್ 129 ಎಂದಿದ್ದರೆ ಯುರೋಪಿನ ಹೊಸ ನಿಯಮದ ಪರೀಕ್ಷೆ, ಆರ್ 44 ಎಂದಿದ್ದರೆ ಹಳೆಯದು. ಹೊಸದರಲ್ಲಿ ಪಕ್ಕದಿಂದ ಬೀಳುವ ಪೆಟ್ಟನ್ನೂ ಪರೀಕ್ಷಿಸಿರುತ್ತಾರೆ, ಹದಿನೈದು ತಿಂಗಳಾಗುವವರೆಗೆ ಮುಖ ಹಿಂದಕ್ಕೇ ಇರಬೇಕೆಂಬ ಕಟ್ಟಳೆಯೂ ಇದೆ. ಯಾವ ಚೀಟಿಯೂ ಇಲ್ಲದೆ ಬರೀ ಬಣ್ಣ, ಗೊಂಬೆ ಚಿತ್ರ ಇರುವ ಸೀಟನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ತಿರುಗುವ ಸೀಟಿನ ತೊಂದರೆಗಳನ್ನೂ ಹೇಳಬೇಕು. ಭಾರ ಬಹಳ. ಹದಿನಾಲ್ಕು ಕಿಲೋ ಆಜೂಬಾಜು, ಅಂದರೆ ನಮ್ಮ ಸಿಲಿಂಡರಿನೊಳಗಿನ ಗ್ಯಾಸಿನಷ್ಟು. ಇವತ್ತು ಈ ಕಾರಿಗೆ, ನಾಳೆ ಭಾವನ ಕಾರಿಗೆ ಅಂತ ಹೊತ್ತು ತಿರುಗುವಂಥದ್ದಲ್ಲ. ಬಾಡಿಗೆ ಕಾರಿನಲ್ಲಿ ಓಡಾಡುವವರಿಗೆ ಬೆಲ್ಟಿನಲ್ಲಿ ಕಟ್ಟುವ ಹಗುರ ಸೀಟೇ ಸರಿ. ಎರಡನೆಯದಾಗಿ, ತಿರುಗುವವುಗಳಲ್ಲಿ ಹೆಚ್ಚಿನವಕ್ಕೆ ಐಸೋಫಿಕ್ಸ್ ಬೇಕು. ಹಿಂದಿನ ಸೀಟು ಮತ್ತು ಅದರ ಒರಗು ಸೇರುವ ಸಂದಿಯಲ್ಲಿ ಬೆರಳು ಹಾಕಿ ನೋಡಿ, ಗಟ್ಟಿ ಕಬ್ಬಿಣದ ಎರಡು ಕೊಂಡಿ ಸಿಗಬೇಕು. ಹಳೇ ಕಾರುಗಳಲ್ಲಿ ಇರುವುದಿಲ್ಲ. ಕೊಂಡಿಯ ಜೊತೆಗೆ ನೆಲಕ್ಕೆ ಊರುವ ಕಾಲೋ, ಮೇಲಿನಿಂದ ಬಿಗಿಯುವ ಪಟ್ಟಿಯೋ ಇರುತ್ತದೆ. ಅದನ್ನು ಬಿಟ್ಟರೆ ಕೆಲಸ ಅರ್ಧವೇ ಆದಂತೆ. ಸಣ್ಣ ಕಾರಿನಲ್ಲಿ ಈ ಸೀಟು ಮುಂದಿನ ಸೀಟಿನ ಬೆನ್ನಿಗೆ ತಾಗಿ ತಿರುಗದೇ ಹೋಗುವುದೂ ಉಂಟು. ಹುಬ್ಬಳ್ಳಿಯಲ್ಲಿ ಕೊಳ್ಳುವುದಾದರೆ ನಿಮ್ಮ ಕಾರನ್ನೇ ಒಯ್ದು ಕೂರಿಸಿ ನೋಡಿ, ಮುಂದೆ ಕೂರುವವರ ಮೊಣಕಾಲಿಗೆ ಜಾಗ ಉಳಿಯುತ್ತದೆಯೇ ಅಂತ ಪರೀಕ್ಷಿಸಿ, ಆಮೇಲೆ ದುಡ್ಡು ಎಣಿಸಿ. ಬಾಗಿಲ ಕಡೆ ತಿರುಗಿಸಿದ್ದನ್ನು ಮರೆತು ಕಾರು ಹೊರಡಿಸುವಂತಿಲ್ಲ. "ಟಕ್" ಎಂದು ಕಚ್ಚಿಕೊಂಡ ಶಬ್ದ ಕೇಳಬೇಕು.

ಇಷ್ಟೆಲ್ಲ ಇದ್ದೂ ಒಂದು ಕಡೆ ನಾನು ತಿರುಗುವ ಸೀಟಿನ ಪರ. ಸಿಸೇರಿಯನ್ ಆದ ಬಾಣಂತಿಗೆ, ಮಂಡಿನೋವಿನ ಅಜ್ಜಿಗೆ ಅದು ವರವೇ ಸರಿ. ನಮ್ಮ ನಾದಿನಿಯ ಮನೆಯಲ್ಲಿ ಮೊಮ್ಮಗಳಿಗೆ ಇಂಥದ್ದು ತಂದ ಮೇಲೆ ಬೆಲ್ಟು ಹಾಕುವ ಕೆಲಸವನ್ನು ಎಪ್ಪತ್ತು ದಾಟಿದ ಮುತ್ತಜ್ಜಿಗೇ ಒಪ್ಪಿಸಿದರು. ಅವರು ಬಾಗಿಲ ಬಳಿ ನಿಂತು, ಕೂಸಿನ ಮುಖ ತಮ್ಮ ಕಡೆ ತಿರುಗಿಸಿಕೊಂಡು, ಒಂದು ಹಾಡು ಹೇಳಿ ಗುಂಡಿ ಒತ್ತುತ್ತಾರೆ. ತಾವೇ ಕಟ್ಟಿದ್ದನ್ನು ದಾರಿಯಲ್ಲಿ ಬಿಚ್ಚಲು ಅವರಿಗೆ ಮನಸ್ಸು ಬರುವುದಿಲ್ಲ! ಬೇರೆ ಯಾರಾದರೂ ಕೈ ಹಾಕಿದರೆ ಗದರಿಸುವವರೂ ಅವರೇ. ಶಿರಸಿಯ ತಂಗೀ, ನಿನ್ನ ಪತ್ರಕ್ಕೆ ನನ್ನ ಉತ್ತರ ಇದೇ. ಅತ್ತೆಗೆ ಬೇಡ ಅನ್ನಬೇಡ, ಆ ಕೆಲಸವನ್ನೇ ಅವರ ಕೈಗೆ ಕೊಡು. ಮಗು ಅತ್ತರೆ ಬಿಚ್ಚುವುದಲ್ಲ, ಕಾರು ನಿಲ್ಲಿಸುವುದು ಅಂತ ಮನೆಯಲ್ಲಿ ಎಲ್ಲರೂ ಹೊರಡುವ ಮುಂಚೆಯೇ ಒಪ್ಪಿಕೊಳ್ಳಿ. ಘಟ್ಟದ ತಿರುವಿನಲ್ಲಿ ಅಲ್ಲ, ಅಗಲ ಜಾಗ ನೋಡಿ ನಿಲ್ಲಿಸಿ, ಎತ್ತಿಕೊಂಡು ಹಾಲು ಕುಡಿಸಿ ಮತ್ತೆ ಕೂರಿಸಿ. ಎಳೆಯ ಕೂಸನ್ನು ಒಂದೇ ಸಮ ಎರಡು ತಾಸಿಗಿಂತ ಹೆಚ್ಚು ಹೇಗಿದ್ದರೂ ಕೂರಿಸಬಾರದು. ಕುಮಟಾ ಕಾಲು ತಾಸು ತಡವಾಗಿ ಬಂದೀತು, ಬರಲಿ.

ಯಲ್ಲಾಪುರದ ತಾಯಿಗೆ ಮಾತ್ರ ತಿರುಗುವ ಸೀಟು ಬೇಡ ಎನ್ನುತ್ತೇನೆ. ಇಬ್ಬರು ಮಕ್ಕಳಿದ್ದು ಒಂದು ತಿರುಗುವ ಸೀಟಿನಷ್ಟೇ ದುಡ್ಡಿದ್ದರೆ, ಆ ದುಡ್ಡಿನಲ್ಲಿ ಎರಡು ಸಾದಾ ಸೀಟು ಕೊಳ್ಳಿ. ಕಿರಿಯದು ರಾಜನಂತೆ ತಿರುಗುವ ಸೀಟಿನಲ್ಲಿ, ಹಿರಿಯದು ಬೆಲ್ಟಿಲ್ಲದೆ ಎರಡು ಸೀಟಿನ ನಡುವೆ ನಿಂತುಕೊಂಡು ಹೋಗುವುದು ಯಾವ ನ್ಯಾಯ? ಟೇಪು ಹಿಡಿದು ಹಿಂದಿನ ಸೀಟು ಅಳೆಯಿರಿ. ನಾಲ್ಕಡಿ ಅಂದರೆ 48 ಇಂಚು. 18 ಇಂಚಿನ ಎರಡು ಸೀಟು ಇಟ್ಟರೆ ಉಳಿಯುವುದು 12 ಇಂಚು. ಅದರಲ್ಲಿ ಯಾವ ದೊಡ್ಡವರೂ ಕೂರಲಾರರು. ಅಲ್ಲಿಗೆ ಆ ಕಾರು ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಕಾರು. ಅತ್ತೆ ಮಾವ ಬರುವ ದಿನ ಯಾರೋ ಇಬ್ಬರು ಬಸ್ಸು ಹತ್ತಬೇಕು. ಹೇಳಲು ಕಷ್ಟವೇ, ಆದರೆ ಲೆಕ್ಕ ಹೀಗೇ ಬರುತ್ತದೆ. ಮಗುವನ್ನು ಮಾತ್ರ ಮುಂದಿನ ಸೀಟಿಗೆ ಸಾಗಿಸಬೇಡಿ. ಎದುರಿಗೆ ಏರ್‌ಬ್ಯಾಗ್ ಇದ್ದರೆ ಹಿಂದಕ್ಕೆ ಮುಖ ಮಾಡಿದ ಸೀಟಿಗೆ ಅದು ಬಡಿದು ಮಗುವಿನ ಜೀವಕ್ಕೇ ಅಪಾಯ. ಮುಂದೆ ಕಾರು ಬದಲಿಸುವಾಗ ಭಾರತ್ ಎನ್‌ಕ್ಯಾಪ್ ನಕ್ಷತ್ರ ನೋಡಿ. 2023ರ ಅಕ್ಟೋಬರಿನಿಂದ ಈ ಪರೀಕ್ಷೆ ನಡೆಯುತ್ತಿದೆ, ಮಕ್ಕಳ ರಕ್ಷಣೆಗೆ ಅದರಲ್ಲಿ ಬೇರೆಯೇ ನಕ್ಷತ್ರ.

ಹಳೇ ಸೀಟು ಸಿಕ್ಕರೆ ತರಬಹುದೇ ಎಂದೂ ಅವರು ಕೇಳಿದ್ದಾರೆ. ನಮ್ಮ ಕಡೆ ಒಂದು ತೊಟ್ಟಿಲು ನಾಲ್ಕು ತಲೆಮಾರು ತೂಗುತ್ತದೆ. ಈ ಸೀಟಿನ ಸಂಗತಿ ಹಾಗಲ್ಲ. ಪ್ಲಾಸ್ಟಿಕ್ಕಿಗೂ ಬೆಲ್ಟಿಗೂ ಆಯುಸ್ಸಿದೆ, ತಳದಲ್ಲಿ ತಯಾರಿಸಿದ ವರ್ಷ, ಎಷ್ಟು ಕಾಲ ಬಳಸಬಹುದು ಎಂಬುದನ್ನು ಅಚ್ಚು ಹಾಕಿರುತ್ತಾರೆ. ಅಕ್ಕನ ಮಗುವಿನದಾದರೆ, ಅದು ಯಾವ ಅಪಘಾತವನ್ನೂ ಕಂಡಿಲ್ಲ ಅಂತ ಖಾತ್ರಿ ಇದ್ದರೆ, ಧಾರಾಳವಾಗಿ ತನ್ನಿ. ಗೊತ್ತಿಲ್ಲದವರ ಸೀಟು ಬೇಡ.

ಕಾರೇ ಇಲ್ಲ, ಸ್ಕೂಟರಿನಲ್ಲೇ ನಮ್ಮ ಸಂಸಾರ ಎನ್ನುವವರಿಗೆ ಒಂದು ಮಾತು. 2022ರ ಫೆಬ್ರವರಿಯಲ್ಲಿ ಪ್ರಕಟವಾಗಿ ಒಂದು ವರ್ಷದ ನಂತರ ಜಾರಿಗೆ ಬಂದ ನಿಯಮದ ಪ್ರಕಾರ, ನಾಲ್ಕು ವರ್ಷದೊಳಗಿನ ಮಗುವನ್ನು ಸವಾರರಿಗೆ ಸೇರಿಸಿ ಬೆಲ್ಟಿನಿಂದ ಕಟ್ಟಬೇಕು, ಒಂಬತ್ತು ತಿಂಗಳು ದಾಟಿದ್ದಕ್ಕೆ ಹೆಲ್ಮೆಟ್ಟು ಹಾಕಬೇಕು, ವೇಗ ನಲವತ್ತು ಮೀರಬಾರದು.

ದಿನದ ಬಳಕೆಯಲ್ಲಿ ಗಮನಿಸಬೇಕಾದದ್ದು ಇನ್ನು ಸ್ವಲ್ಪ ಇದೆ. ಹಿಂದಕ್ಕೆ ಮುಖ ಇರುವಾಗ ಬೆಲ್ಟು ಮಗುವಿನ ಹೆಗಲಿನ ಮಟ್ಟದಲ್ಲಿ ಅಥವಾ ತುಸು ಕೆಳಗಿನಿಂದ ಬರಬೇಕು, ಮುಂದಕ್ಕೆ ತಿರುಗಿಸಿದ ಮೇಲೆ ಹೆಗಲಿನ ಮಟ್ಟ ಅಥವಾ ತುಸು ಮೇಲಿನಿಂದ. ಹೆಗಲ ಹತ್ತಿರ ಬೆಲ್ಟನ್ನು ಚಿವುಟಿ ನೋಡಿ, ಮಡಿಕೆ ಸಿಕ್ಕಿದರೆ ಸಡಿಲವಾಗಿದೆ ಅಂತ ತಿಳಿಯಿರಿ. ಚಳಿಗಾಲದ ಬೆಳಿಗ್ಗೆ ತಲೆಗೆ ಕುಲಾವಿ ಇರಲಿ, ಆದರೆ ದಪ್ಪ ಸ್ವೆಟರಿನ ಮೇಲೆ ಬೆಲ್ಟು ಬಿಗಿಯಬೇಡಿ. ಪೆಟ್ಟು ಬಿದ್ದಾಗ ಉಣ್ಣೆ ಅಮುಕಿಕೊಂಡು ಬೆಲ್ಟು ಸಡಿಲವಾಗಿಬಿಡುತ್ತದೆ. ಬೆಲ್ಟು ಹಾಕಿದ ಮೇಲೆ ಕೌದಿ ಹೊದೆಸಿ.

ಘಟ್ಟದಲ್ಲಿ ಮಕ್ಕಳು ವಾಂತಿ ಮಾಡುವುದು ಇದ್ದದ್ದೇ. ಹಾಗಾಗಿ ಹೊದಿಕೆ ಕಳಚಿ ಒಗೆಯಲು ಬರುವ ಸೀಟನ್ನೇ ಆರಿಸಿ. ಹೊದಿಕೆಯನ್ನು ಬಟ್ಟೆ ಒಗೆದಂತೆ ಒಗೆಯಬಹುದು. ಬೆಲ್ಟಿನ ಪಟ್ಟಿಯನ್ನು ಮಾತ್ರ ಸೋಪಿನ ನೀರಿನಲ್ಲಿ ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಮ್ಮ ಮಳೆಗಾಲದಲ್ಲಿ ಒಳಗಿನ ಸ್ಪಂಜಿಗೆ ಬೂಸ್ಟು ಹಿಡಿಯುತ್ತದೆ. ಹಾಗಂತ ಸೀಟನ್ನು ಬಚ್ಚಲ ಒಲೆಯ ಹತ್ತಿರ ಒಣಗಿಸಲು ಇಡಬೇಡಿ, ಪ್ಲಾಸ್ಟಿಕ್ಕು ಸೊಟ್ಟಗಾದರೆ ಆ ಸೀಟು ಮತ್ತೆ ಉಪಯೋಗಕ್ಕಿಲ್ಲ. ಜಗುಲಿಯಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಬಿಟ್ಟರೆ ಒಣಗುತ್ತದೆ. ಆ ಎರಡು ದಿನ ಕೂಸನ್ನು ಕರೆದುಕೊಂಡು ಎಲ್ಲಿಗೂ ಕಾರಿನಲ್ಲಿ ಹೊರಡದಿದ್ದರಾಯಿತು.